ಮುಗಿದ ದೂರಿನ ಬಾಗಿಲು ತಟ್ಟುವ ‘ಮತ್ತೆ ಅಕ್ಕ’

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇಕರಿಯ ಹಿಂಬದಿಯ ಮೂರಂತಸ್ತಿನ ಕಟ್ಟಡದ ಮೆಟ್ಟಿಲಲ್ಲಿ ದೀಪವಿಲ್ಲ. ಆಕೆ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಒತ್ತಿಕೊಂಡು ಮೇಲಿನ ಅಂತಸ್ತಿಗೆ ಹತ್ತುತ್ತಾರೆ. ನೀಲಿ ಬಣ್ಣದ ಬಾಗಿಲಿನ ಮುಂದೆ ನಿಂತು ಉಸಿರು ಹದಕ್ಕೆ ಬರುವವರೆಗೆ ಕಾಯುತ್ತಾರೆ. ಆಮೇಲೆ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ. ಜೋರಾಗಿ ತಟ್ಟಿದರೆ ಸಾಲ ಕೇಳಲು ಬಂದವರು ಅಂದುಕೊಂಡು ಜನ ಬಾಗಿಲು ತೆಗೆಯುವುದಿಲ್ಲವಂತೆ.

ಬಾಗಿಲು ತೆರೆದವನ ಹುಬ್ಬಿನ ಮೇಲೆ ಇನ್ನೂ ಹಿಟ್ಟಿನ ಪುಡಿ ಇದೆ. ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಈಗಷ್ಟೇ ಮನೆಗೆ ಬಂದ ಬೇಕರಿ ಕೆಲಸಗಾರ.

“ನಗರಸಭೆಯಿಂದ ಬಂದಿದ್ದೀನಿ. ನಿಮ್ಮ ನೀರಿನ ದೂರು ಮುಗೀತು ಅಂತ ಬರೆದಿದ್ದಾರೆ. ನೋಡ್ಕೊಂಡು ಹೋಗೋಣ ಅಂತ.”

“ಮುಗೀತು ಮುಗೀತು. ಬಂದು ರಿಪೇರಿ ಮಾಡಿ ಹೋದ್ರು. ಏನೂ ತೊಂದ್ರೆ ಇಲ್ಲ,” ಎನ್ನುತ್ತಾನೆ ಆತ, ಕಣ್ಣು ಅರ್ಧ ಮುಚ್ಚಿಕೊಂಡೇ.

“ಒಳ್ಳೇದಾಯ್ತು. ಒಂದು ಲೋಟ ನೀರು ಕೊಡ್ತೀರಾ? ಮೆಟ್ಟಿಲು ಹತ್ತಿ ಬಾಯಿ ಒಣಗಿದೆ.”

ಆತ ಒಳಗೆ ಹೋಗುತ್ತಾನೆ. ಆಕೆ ಹೊಸ್ತಿಲು ದಾಟುವುದಿಲ್ಲ. ಆದರೆ ಅವರ ಕಣ್ಣು ಆತನ ಕೈಯ ಹಿಂದೆಯೇ ಹೋಗುತ್ತದೆ. ಅಡುಗೆ ಕಟ್ಟೆಯ ಪಕ್ಕದಲ್ಲೇ ನಲ್ಲಿ ಇದೆ, ಕೈ ಚಾಚಿದರೆ ಸಿಗುತ್ತದೆ. ಕೈ ಅದನ್ನು ದಾಟಿ ಮುಂದೆ ಹೋಗಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳ ತೆಗೆಯುತ್ತದೆ.

“ನಲ್ಲಿ ನೀರು ಕುಡಿಯಲ್ವಾ?”

“ಅದು ಪಾತ್ರೆ ತೊಳೆಯೋಕೆ ಅಕ್ಕ.”

“ಕುಡಿಯೋಕೆ ಯಾಕಾಗಲ್ಲ?”

ಆತ ತಲೆ ಕೆರೆದುಕೊಳ್ಳುತ್ತಾನೆ. “ಒಂಥರಾ ವಾಸನೆ. ಮೊದಲಿನಷ್ಟಿಲ್ಲ ಬಿಡಿ.”

“ಹಾಗಾದ್ರೆ ಮುಗೀಲಿಲ್ಲ.”

ಪಾಪ, ಆ ಹುಡುಗರು ಬಿಸಿಲಲ್ಲಿ ಕೆಲಸ ಮಾಡಿದ್ದಾರೆ, ಸುಮ್ಮನೆ ಅವರಿಗೆ ಯಾಕೆ ಬೈಸುವುದು ಎಂದು ಆತ ಹೇಳುತ್ತಿರುವಾಗಲೇ ಆಕೆ ಫೋನಿನಲ್ಲಿ ಆ ದೂರನ್ನು ಮತ್ತೆ ತೆರೆದು ಆಗಿದೆ. ಕೊಟ್ಟ ನೀರನ್ನು ಪೂರ್ತಿ ಕುಡಿದು, ಲೋಟ ಮರಳಿಸಿ, ಹೋಗಿ ಮಲಗಿ ಎಂದು ಹೇಳಿ ಇಳಿಯುತ್ತಾರೆ. ಮೆಟ್ಟಿಲ ಮೇಲೆ, ಅವರ ಕೆಲಸ ನೋಡಲು ಜೊತೆಗೆ ಬಂದಿದ್ದ ನನ್ನ ಕಡೆ ತಿರುಗಿ ಹೇಳುತ್ತಾರೆ: “ಬಾಯಿ ಯಾವಾಗಲೂ ಮರ್ಯಾದೆಯ ಮಾತು ಆಡುತ್ತೆ. ನಾನು ಬಾಯಿ ಕೇಳೋಕೆ ಬರಲ್ಲ, ಕೈ ನೋಡೋಕೆ ಬರ್ತೀನಿ.”

ನಗರಸಭೆಯ ಲೆಕ್ಕದಲ್ಲಿ ಆಕೆಯ ಹುದ್ದೆಗೆ ‘ಮರುತಪಾಸಣೆ ಸಹಾಯಕಿ’ ಎಂದು ಹೆಸರು. ನೌಕರರ ಬಾಯಲ್ಲಿ ಆಕೆ ‘ಮತ್ತೆ ಅಕ್ಕ’. ಮುಚ್ಚಿದ ದೂರನ್ನು ಮತ್ತೆ ತೆರೆಯುವವರು, ಆದ್ದರಿಂದ ಆ ಹೆಸರು. ನೀರಿನ ಟ್ಯಾಂಕರ್ ಓಡಿಸುವ ಚಾಲಕನೊಬ್ಬ ಸಿಟ್ಟಿನಿಂದ ಇಟ್ಟದ್ದಂತೆ. ಈಗ ಆತನ ಮಗಳೂ ಹಾಗೇ ಕರೆಯುತ್ತಾಳೆ, ಪ್ರೀತಿಯಿಂದ.

ಅವರ ಕೆಲಸ ಅರ್ಥವಾಗಬೇಕಾದರೆ ಒಂದು ದೂರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ನಿಮ್ಮ ಬೀದಿಯ ದೀಪ ಕೆಟ್ಟಿತು, ನಲ್ಲಿಯಲ್ಲಿ ಕೆಸರು ಬಂತು, ಚರಂಡಿ ಕಟ್ಟಿತು. ನೀವು ದೂರು ಕೊಡುತ್ತೀರಿ. ಅದು ಆಯಾ ವಿಭಾಗಕ್ಕೆ ಹೋಗುತ್ತದೆ, ಕೆಲಸಗಾರ ಬರುತ್ತಾನೆ, ಕೆಲಸ ಮಾಡುತ್ತಾನೆ, ‘ಮುಗಿದಿದೆ’ ಎಂದು ಒತ್ತುತ್ತಾನೆ. ವರ್ಷದ ಕೊನೆಗೆ ಮುಗಿದವುಗಳನ್ನೆಲ್ಲ ಕೂಡಿಸಿ, ಮುಂದಿನ ವರ್ಷ ಯಾವ ಬೀದಿಗೆ ಏನು ಬೇಕು ಎಂದು ಯೋಜನೆ ಹಾಕುತ್ತಾರೆ. ಮುಗಿಯದೇ ಇರುವುದು ಮುಗಿದದ್ದರ ಸಾಲಿನಲ್ಲಿ ಸೇರಿಕೊಂಡರೆ ಆ ಬೀದಿಯ ಹೆಸರು ಯೋಜನೆಯಲ್ಲಿ ಬರುವುದೇ ಇಲ್ಲ. ನೋಡುವವರ ಕಣ್ಣಿಗೆ ಅದು ಸುಖವಾಗಿರುವ ಬೀದಿ.

ಇದನ್ನು ಆಕೆ ಕಲಿತದ್ದು ದೂರಿನ ಕಿಟಕಿಯ ಹಿಂದೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಸಿಕ್ಕಿದ ಮೊದಲ ಕೆಲಸ ಅದು, ಕೌಂಟರಿನಲ್ಲಿ ಕೂತು ದೂರು ಬರೆದುಕೊಳ್ಳುವುದು. “ಅದೇ ಮುಖಗಳು ತಿರುಗಿ ಬರ್ತಿದ್ವು. ಒಬ್ರು ತಾತ, ಅವರ ಮನೆ ಮುಂದಿನ ಚರಂಡಿ ಬಗ್ಗೆ. ನಾನು ನೋಡಿದ್ರೆ ಮುಗಿದಿದೆ ಅಂತ ಇದೆ. ತಾತ, ಮುಗಿದಿದೆಯಲ್ಲ ಅಂದೆ. ಹೌದಾ ಮಗಳೇ, ಹಾಗಾದ್ರೆ ನನ್ನ ಮೂಗೇ ಕೆಟ್ಟಿರಬೇಕು ಅಂದ್ರು. ಅವತ್ತು ನನಗೆ ತಲೆ ಎತ್ತೋಕೆ ಆಗ್ಲಿಲ್ಲ.”

ಸಂಜೆ ಮನೆಗೆ ಹೋಗುವಾಗ ದಾರಿ ಬದಲಿಸಿ ಆ ಚರಂಡಿಯನ್ನು ನೋಡಿ ಬಂದರು. ಆಮೇಲೆ ಇನ್ನೊಂದು, ಮತ್ತೊಂದು. ಯಾರೂ ಹೇಳದೆ ಮಾಡುತ್ತಿದ್ದ ಈ ಕೆಲಸ ಆಗಿನ ಆಯುಕ್ತರ ಕಿವಿಗೆ ಬಿತ್ತು. ಬೈಗುಳ ಕಾದಿದೆ ಅಂದುಕೊಂಡು ಹೋದವರಿಗೆ ಸಿಕ್ಕಿದ್ದು ಹೊಸ ಹುದ್ದೆ. ಇಡೀ ಊರಿಗೆ ಒಬ್ಬರೇ. ದಿನಕ್ಕೆ ಇಪ್ಪತ್ತರ ಆಚೀಚೆ ಬಾಗಿಲು. ಎಲ್ಲ ದೂರನ್ನೂ ನೋಡಲು ಸಾಧ್ಯವಿಲ್ಲ, ಹತ್ತರಲ್ಲಿ ಒಂದನ್ನು ಆರಿಸಿಕೊಡುತ್ತಾರೆ. ಜನ ಕೆಲಸಕ್ಕೆ ಹೊರಡುವ ಮುಂಚೆ ಸಿಗಬೇಕಾದ್ದರಿಂದ ಬೆಳಗಾಗುವ ಮೊದಲೇ ಹೊರಡಬೇಕು.

ಕಷ್ಟಗಳನ್ನು ಕೇಳಿದರೆ ಆಕೆ ನಗುತ್ತಾರೆ. ಮೊಣಕಾಲಿಗೆ ಪಟ್ಟಿ ಬಂದಿದೆ. ಎರಡು ಸಲ ನಾಯಿ ಕಚ್ಚಿದೆ. ಮುಖಕ್ಕೆ ಬಾಗಿಲು ಹಾಕಿಸಿಕೊಂಡದ್ದು ಲೆಕ್ಕವಿಡಲಾಗದಷ್ಟು ಸಲ. ಇವೆಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ನಗರಸಭೆಯ ಕೆಲಸಗಾರರು ಸೇರುವ ಡಿಪೋದ ಅಂಗಳ. ಆಕೆ ಒಳಗೆ ಕಾಲಿಟ್ಟ ಕೂಡಲೇ ಚಹಾ ಕುಡಿಯುತ್ತಿದ್ದವರು ಮಾತು ನಿಲ್ಲಿಸುತ್ತಿದ್ದರು. “ಬಂದ್ರಪ್ಪ, ಹೆಣ ಎಬ್ಬಿಸೋರು,” ಎಂದು ಯಾರೋ ಒಬ್ಬ ಮೆಲ್ಲಗೆ, ಕೇಳಿಸುವಷ್ಟು ಮೆಲ್ಲಗೆ, ಅನ್ನುತ್ತಿದ್ದ.

ಆ ಅಂಗಳದಲ್ಲಿ ಚಹಾ ಕುಡಿಯುವವರಲ್ಲಿ ಆಕೆಯ ಗಂಡನೂ ಒಬ್ಬರು.

ಆತ ನೀರು ಸರಬರಾಜು ವಿಭಾಗದ ಫಿಟ್ಟರ್. ಮಣ್ಣಿನ ಕೆಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ರಸ್ತೆಗೆ ಕಿವಿಯಿಟ್ಟು ಹೇಳಬಲ್ಲವರು. ಮಾತು ಕಡಿಮೆ, ಕೆಲಸ ಹೆಚ್ಚು. ನಗರಸಭೆಯ ಕೆಲಸ ಮುಗಿದ ಮೇಲೆ ಆ ಮನೆಯವರ ಸೋರುವ ನಲ್ಲಿಗೆ ವಾಷರ್ ಹಾಕಿಕೊಟ್ಟು, ಬೇಡ ಬೇಡ ಎನ್ನುತ್ತಾ ಬರಿಗೈಯಲ್ಲಿ ಬರುವವರು. ಅವರು ಮುಚ್ಚಿದ ದೂರುಗಳೂ ಹೆಂಡತಿಯ ಪಾಲಿಗೆ ಬರುತ್ತವೆ. ಮನೆಯಲ್ಲಿ ಊಟದ ಮೇಜಿನ ಹತ್ತಿರ ಪೈಪಿನ ಮಾತು ಕೂಡದು ಎಂಬ ನಿಯಮ ಮಾಡಿದವರು ಆಕೆಯ ಅತ್ತೆ. ಎಂಬತ್ತರ ಹತ್ತಿರದ ಅಜ್ಜಿ, ನಾಲಗೆ ಮಾತ್ರ ಇನ್ನೂ ಇಪ್ಪತ್ತರದು.

“ಮಗ ಮುಚ್ಚೋನು, ಸೊಸೆ ತೆಗೆಯೋಳು. ನಮ್ಮನೆ ಡಬ್ಬಿಗಳ ಮುಚ್ಚಳ ಒಂದೂ ನೆಟ್ಟಗಿಲ್ಲ, ನೋಡಿ ಬೇಕಾದ್ರೆ,” ಎನ್ನುತ್ತಾರೆ ಅವರು ನನಗೆ ಕುರ್ಚಿ ತೋರಿಸುತ್ತಾ. “ನಾನು ಇವಳ ಅತ್ತೆ. ಇವಳು ಊರಿಗೆಲ್ಲ ಮತ್ತೆ. ಒಂದಕ್ಷರ ಬೇರೆಯಾದ್ರೂ ನನ್ನ ಮುಂದೇನೂ ನಡೆಯಲ್ಲ.”

“ನಡೀತದೆ ಅಂತ ಯಾರಂದ್ರು ಅತ್ತೆ,” ಎಂದು ಸೊಸೆ ಒಳಗಿನಿಂದಲೇ ಉತ್ತರ ಕೊಡುತ್ತಾರೆ.

ಇಂಥ ಮನೆಗೆ ಈ ವರ್ಷದ ಮೊದಲಲ್ಲಿ ಒಂದು ಆತಂಕ ಬಂತು. ನಗರಸಭೆ ತನ್ನ ಎಲ್ಲ ಸೇವೆಗಳನ್ನೂ ಮೊದಲಿನಿಂದ ಪರಿಶೀಲಿಸಲು ಹೊರಟಿತು. ಯೋಜನಾ ವಿಭಾಗಕ್ಕೆ ಬಂದ ಹೊಸ ಅಧಿಕಾರಿ ಒಂದು ಪ್ರಶ್ನೆ ಕೇಳಿದರು: ಹತ್ತರಲ್ಲಿ ಒಂದು ಬಾಗಿಲನ್ನು ತಟ್ಟುವ ಬದಲು, ಹತ್ತಕ್ಕೆ ಹತ್ತು ಮನೆಗೂ ಫೋನ್ ಮಾಡಿ ಕೇಳಬಾರದೇಕೆ? ಕೆಲಸ ಸರಿಯಾಗಿದ್ದರೆ ಒಂದು ಒತ್ತಿ, ಸರಿಯಿಲ್ಲದಿದ್ದರೆ ಎರಡು ಒತ್ತಿ. ತಟ್ಟುವವರು ಬೇಕಿಲ್ಲ, ಹತ್ತುವ ಮೆಟ್ಟಿಲಿಲ್ಲ.

ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಎರಡು ತಿಂಗಳು ಎರಡನ್ನೂ ಜೊತೆಯಲ್ಲಿ ಮಾಡಿ ನೋಡೋಣ, ಯಾವುದು ನಿಜಕ್ಕೆ ಹತ್ತಿರವೋ ಅದನ್ನು ಇಟ್ಟುಕೊಳ್ಳೋಣ ಎಂದು ಸಮಿತಿ ತೀರ್ಮಾನಿಸಿತು. ಫೋನ್ ಗೆದ್ದರೆ ಆಕೆ ಮರಳಿ ಕಿಟಕಿಯ ಹಿಂದಕ್ಕೆ. ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ. “ಕೂತು ಮಾಡೋ ಕೆಲಸ, ಮೊಣಕಾಲಿಗೆ ಒಳ್ಳೇದು ಅಂದ್ರು ಎಲ್ರೂ. ನಿಜಾನೇ. ಆದ್ರೆ ತಾತನ ಮುಖ ನೋಡ್ಕೊಂಡು ಮುಗಿದಿದೆ ಅಂತ ಮತ್ತೆ ಹೇಳ್ಬೇಕಲ್ಲ. ಅದು ನನ್ನಿಂದಾಗಲ್ಲ.”

ಎರಡು ತಿಂಗಳು ಆಕೆ ಎಂದಿನಂತೆ ತಟ್ಟಿದರು, ಯಂತ್ರ ಮನೆ ಮನೆಗೂ ಕರೆ ಮಾಡಿತು. ಮುಗಿದ ದಿನ ಅಧಿಕಾರಿ ಆಕೆಯನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಊರಿನ ದೊಡ್ಡ ನಕ್ಷೆ. ಬಹಳಷ್ಟು ಬೀದಿಗಳಲ್ಲಿ ಇಬ್ಬರ ಉತ್ತರವೂ ಒಂದೇ. ಬೇಕರಿ ಓಣಿಯಂಥ ಕಡೆ ಫೋನಿಗೆ ಜನ ‘ಸರಿಯಿದೆ’ ಎಂದು ಒತ್ತಿ ಇಟ್ಟಿದ್ದರು, ಆಕೆಯ ಕಣ್ಣಿಗೆ ನಿಜ ಬಿದ್ದಿತ್ತು. ಆಸ್ಪತ್ರೆಯ ಹಿಂದಿನ ನರ್ಸುಗಳ ವಸತಿಗೃಹದಲ್ಲಿ ತಿರುವುಮುರುವು. ರಾತ್ರಿ ಪಾಳಿಯವರು ಬೆಳಗಿನ ಹೊತ್ತು ಆಕೆಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಫೋನಿಗೆ ಸಿಕ್ಕಿದ್ದರು, ಸ್ನಾನಕ್ಕೆ ನೀರಿಲ್ಲ ಎಂದು ಹೇಳಿದ್ದರು. “ಅದನ್ನ ನಾನು ಒಪ್ಕೊಂಡೆ. ಬೀಗ ಹಾಕಿದ ಬಾಗಿಲ ಮುಂದೆ ನನ್ನ ಕಣ್ಣು ಏನು ಮಾಡುತ್ತೆ?” ಎನ್ನುತ್ತಾರೆ.

ಉಳಿದದ್ದು ಒಂದು ಓಣಿ. ನಕ್ಷೆಯಲ್ಲಿ ಅಧಿಕಾರಿ ಅದರ ಮೇಲೆ ಬೆರಳಿಟ್ಟರು. ಹೊಲಿಗೆಯವರ ಓಣಿ, ಮನೆ ಮನೆಯಲ್ಲೂ ಹೊಲಿಗೆ ಯಂತ್ರ ಇರುವ ಜಾಗ. ಅಲ್ಲಿ ನಲ್ಲಿಯಲ್ಲಿ ಕೆಸರು ನೀರು ಬರುತ್ತದೆಂದು ದೂರಿತ್ತು. ರಿಪೇರಿಯಾಗಿ ಮುಚ್ಚಿತ್ತು. ಆಕೆ ಹೋಗಿ, ಮನೆ ಮನೆಯಲ್ಲಿ ನೀರು ಕೇಳಿ ಕುಡಿದು, ಸರಿಯಿದೆ ಎಂದು ಬರೆದಿದ್ದರು. ಫೋನಿನಲ್ಲಿ ಇಡೀ ಓಣಿ ‘ಸರಿಯಿಲ್ಲ’ ಎಂದು ಒತ್ತಿತ್ತು.

“ಈ ಓಣಿಯ ಕೆಲಸ ಮಾಡಿದ್ದು ಯಾರು ಅಂತ ನಿಮಗೆ ಗೊತ್ತಲ್ವಾ ಮೇಡಂ?” ಎಂದು ಅಧಿಕಾರಿ ಕೇಳಿದರು.

“ಗೊತ್ತು ಸಾರ್. ನಮ್ಮ ಮನೆಯವರು.”

“ನಾನು ಏನೂ ಹೇಳ್ತಿಲ್ಲ. ಸಮಿತಿಯಲ್ಲಿ ಕೇಳ್ತಾರೆ. ಅದಕ್ಕೆ ಮುಂಚೆ ನಿಮ್ಮನ್ನ ಕೇಳ್ಬೇಕು ಅನ್ನಿಸ್ತು.”

“ನಾನು ಕುಡಿದ ನೀರು ಚೆನ್ನಾಗಿತ್ತು ಸಾರ್.”

“ನಂಬ್ತೀನಿ. ಆದ್ರೆ ಅವರೂ ಸುಳ್ಳು ಒತ್ತಿರಲ್ಲ ಅಲ್ವಾ?”

ಆ ಕೋಣೆಯಿಂದ ಹೊರಗೆ ಬರುವಾಗ ಕೆಲಸ ಹೋಗುತ್ತದೆಂಬ ಭಯವನ್ನು ಇನ್ನೊಂದು ಭಯ ನುಂಗಿತ್ತು ಎನ್ನುತ್ತಾರೆ ಆಕೆ. ಗಂಡನ ತಪ್ಪು ಮುಚ್ಚಿದಳು ಎಂದು ಒಬ್ಬರು ಅಂದರೂ ಸಾಕು, ಇಷ್ಟು ವರ್ಷ ತೆರೆದ ದೂರುಗಳೆಲ್ಲ ಸುಳ್ಳಾಗುತ್ತವೆ. ಡಿಪೋದಲ್ಲಿ ಆಕೆಯಿಂದ ಬೈಸಿಕೊಂಡ ಒಬ್ಬೊಬ್ಬರೂ ಕೇಳಬಹುದು, ನಮಗೊಂದು ನ್ಯಾಯ, ಮನೆಯವರಿಗೊಂದು ನ್ಯಾಯವಾ ಎಂದು. ಆಕೆಯ ಹತ್ತಿರ ಬೇರೆ ಆಸ್ತಿ ಇಲ್ಲ. ಆಡಿದ ಮಾತು ನಿಜ ಎಂಬ ಹೆಸರೊಂದೇ.

ಮರುದಿನ ಆಕೆ ಹೊಲಿಗೆಯವರ ಓಣಿಗೆ ಹೋದದ್ದು ಬೆಳಗ್ಗೆ ಅಲ್ಲ, ಮಧ್ಯಾಹ್ನ. ಅದೂ ಮುಂಭಾಗದಿಂದಲ್ಲ, ಗೋದಾಮಿನ ಪಕ್ಕದ ಸಂದಿಯಿಂದ. ಓಣಿಯ ನಡುವಿನ ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸೊಬ್ಬರಿದ್ದಾರೆ. ಆಕೆಗೆ ಮೊದಲಿನಿಂದ ಪರಿಚಯ. ಯಂತ್ರದ ಸದ್ದಿನಲ್ಲಿ ಹೆಜ್ಜೆ ಸದ್ದು ಅವರಿಗೆ ಕೇಳಿಸಲಿಲ್ಲ. ಕಟ್ಟೆಯ ಮೇಲೆ ಬಕೆಟ್ ಒಂದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಬಟ್ಟೆಯ ನಡುವೆ ಕಂದು ಬಣ್ಣದ ವೃತ್ತ.

“ಸೋಸ್ತೀರಾ?” ಎಂದು ಕೇಳಿದರು.

ಟೈಲರ್ ಹೆಂಗಸು ತಿರುಗಿ ನೋಡಿ, ಪೆಡಲಿನಿಂದ ಕಾಲು ತೆಗೆದರು.

“ಅಕ್ಕ, ನೀವು ಈ ಹೊತ್ತಲ್ಲಿ ಬರಲ್ವಲ್ಲ.”

“ಅದಕ್ಕೇ ಬಂದೆ. ಅವತ್ತು ನನಗೆ ನಲ್ಲಿ ನೀರೇ ಕೊಟ್ರಲ್ಲ, ಕನ್ನಡಿ ಹಾಗಿತ್ತು.”

“ಬೆಳಗ್ಗೆ ನಲ್ಲಿ ಬಿಟ್ರೆ ಮೊದಲು ಕೆಸರು ಬರುತ್ತೆ. ಅರ್ಧ ಗಂಟೆ ಹರಿಯೋಕೆ ಬಿಟ್ರೆ ತಿಳಿಯಾಗುತ್ತೆ. ನೀವು ಮೂಲೆ ಅಂಗಡಿ ಹತ್ರ ಕಾಣಿಸಿಕೊಂಡ ಕೂಡ್ಲೇ ಅಂಗಡಿಯವನು ಫೋನ್ ಮಾಡ್ತಾನೆ. ನಾವೆಲ್ಲ ನಲ್ಲಿ ಬಿಡ್ತೀವಿ. ನೀವು ಒಂದೊಂದೇ ಮನೆ ಮುಗಿಸಿ ಬರೋ ಹೊತ್ತಿಗೆ ನೀರು ಚೆನ್ನಾಗಿರುತ್ತೆ.”

“ಮೊದಲನೇ ಮನೆ?”

“ಅವರಿಗೆ ನಾವು ಒಂದು ಜಗ್ ತಿಳಿನೀರು ಕೊಟ್ಟಿಟ್ಟಿದ್ವಿ. ನಲ್ಲಿ ಕೆಳಗೇ ಇಟ್ಟಿದ್ರು. ನಿಮಗೆ ಈಗಷ್ಟೇ ಹಿಡಿದ ಹಾಗೆ ಕಾಣ್ಬೇಕಲ್ಲ.”

ಆ ಬೆಳಗ್ಗೆ ಓಣಿಯ ಚರಂಡಿ ತುಂಬಿ ಹರಿಯುತ್ತಿದ್ದದ್ದು ಆಕೆಗೆ ಆಗ ಹೊಳೆಯಿತು. ನೋಡಿದ್ದರು. ಬಟ್ಟೆ ಒಗೆಯುತ್ತಿರಬೇಕು ಅಂದುಕೊಂಡು ಮುಂದೆ ಹೋಗಿದ್ದರು. ಕೈಗಳನ್ನೇ ನೋಡುತ್ತಿದ್ದವರು ಕಾಲ ಕೆಳಗೆ ನೋಡಿರಲಿಲ್ಲ.

“ಯಾಕೆ ಹೀಗೆ ಮಾಡಿದ್ರಿ?” ಎಂದರು.

“ಇನ್ನೇನು ಮಾಡೋದು ಅಕ್ಕ? ನಿಮ್ಮ ಯಜಮಾನ್ರು ಮಳೆಯಲ್ಲಿ ಆ ಗುಂಡಿಯೊಳಗೆ ಇಡೀ ದಿನ ನಿಂತಿದ್ರು. ನಮ್ಮ ಅಮ್ಮನ ಸ್ನಾನದ ಮನೆ ನಲ್ಲಿ ಸರಿ ಮಾಡಿಕೊಟ್ರು. ಅಂಥವರ ಕೆಲಸ ಸರಿಯಿಲ್ಲ ಅಂತ ಅವರ ಹೆಂಡತಿ ಕೈಲೇ ಬರೆಸೋದಾ? ರಾತ್ರಿ ಇಬ್ರೂ ಒಂದೇ ಮನೆಗೆ ಹೋಗ್ಬೇಕಲ್ಲ ನೀವು.”

“ಮತ್ತೆ ಫೋನಿಗೆ ನಿಜ ಹೇಳಿದ್ರಿ.”

“ಫೋನು ಯಾರ ಹೆಂಡತಿ?” ಎಂದು ಟೈಲರ್ ನಕ್ಕರು. ಆಕೆಗೂ ನಗು ತಡೆಯಲಾಗಲಿಲ್ಲ. “ನಗ್ತಾ ನಗ್ತಾ ಅಳು ಬಂತು,” ಎಂದು ನನಗೆ ಹೇಳುವಾಗ ಕಿಟಕಿಯ ಕಡೆ ನೋಡುತ್ತಾರೆ. “ಇಷ್ಟು ವರ್ಷ ಜನ ನನಗೆ ಹೆದರಿ ಸುಳ್ಳು ಹೇಳ್ತಾರೆ ಅಂದ್ಕೊಂಡಿದ್ದೆ. ಪ್ರೀತಿಗೂ ಸುಳ್ಳು ಹೇಳ್ತಾರೆ. ಅದನ್ನ ಹಿಡಿಯೋಕೆ ನನ್ನ ಹತ್ರ ಏನೂ ಉಪಾಯ ಇರ್ಲಿಲ್ಲ.”

ಅಂದು ಸಂಜೆ ಊಟದ ಮೇಜಿನ ನಿಯಮ ಮುರಿಯಿತು. ಆಕೆ ನಡೆದದ್ದನ್ನೆಲ್ಲ ಹೇಳಿದರು. ಫಿಟ್ಟರ್ ತಟ್ಟೆಯನ್ನು ಸರಿಸಿ ಕೂತರು. ಆ ಓಣಿಯಲ್ಲಿ ತಾವು ಹಾಕಿದ್ದು ಹೊಸ ತುಂಡು, ಅದರ ಎರಡೂ ಕಡೆ ಉಳಿದದ್ದು ಹಳೆಯ, ಒಳಗೆಲ್ಲ ತುಕ್ಕು ಹಿಡಿದ ಪೈಪು ಎಂದು ಅವರಿಗೆ ಗೊತ್ತಿತ್ತು. ಅದನ್ನು ಬದಲಿಸಲು ರಸ್ತೆ ಅಗೆಯಬೇಕು, ಅನುಮತಿಗೆ ವಾರಗಟ್ಟಲೆ ಕಾಯಬೇಕು. ದೂರು ಬಂದ ಮೂರು ದಿನದೊಳಗೆ ಮುಚ್ಚದಿದ್ದರೆ ವಿಭಾಗದ ಹೆಸರಿಗೆ ಕೆಂಪು ಗುರುತು ಬೀಳುತ್ತದೆ. ಸೋರುವುದು ನಿಂತಿದೆಯಲ್ಲ, ಉಳಿದದ್ದನ್ನು ಆಮೇಲೆ ಕೇಳಿ ಮಾಡಿಸೋಣ ಎಂದು ಮುಚ್ಚಿದ್ದರು. ಮುಚ್ಚಿದ ದೂರಿಗೆ ಆಮೇಲೆ ಎಂಬುದು ಇರುವುದಿಲ್ಲ.

“ತೆಗಿ ಅದನ್ನ,” ಎಂದರಂತೆ ಅವರು.

“ನಿಮ್ಮ ಹೆಸರು ಬರುತ್ತೆ.”

“ಬರ್ಲಿ. ನಾನು ಮಾಡಿದ್ದು ಅರ್ಧ ಕೆಲಸ. ಅರ್ಧ ಅಂತ ಬರೆಯೋಕೆ ಅದರಲ್ಲಿ ಜಾಗ ಇಲ್ಲ. ಒಂದೋ ಮುಗಿದಿದೆ, ಇಲ್ಲಾಂದ್ರೆ ಇಲ್ಲ. ಅದನ್ನೂ ಹೇಳು ಸಭೇಲಿ.”

ಅತ್ತೆ ಇಬ್ಬರ ಮುಖವನ್ನೂ ನೋಡಿ, “ಈಗ ಊಟ ಮಾಡ್ತೀರೋ, ಇದನ್ನೂ ನಾಳೆಗೆ ಬಾಕಿ ಇಡ್ತೀರೋ?” ಎಂದರು.

ಸಮಿತಿಯ ಸಭೆಯಲ್ಲಿ ಆಕೆ ಮಾತಾಡಿದ್ದು ಅದೇ ಮೊದಲು. ಉದ್ದನೆಯ ಮೇಜು, ಕುತ್ತಿಗೆ ಬಗ್ಗಿದ ಮೈಕು, ಸಾಲಾಗಿ ಕೂತ ಸದಸ್ಯರು. ಆ ದಿನ ಅಲ್ಲಿದ್ದ ಮೂವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ಮೂವರೂ ಹೇಳುವುದು ಒಂದೇ. ಅಧಿಕಾರಿ ನಕ್ಷೆ ತೋರಿಸಿ ಮುಗಿಸುವ ಮುಂಚೆಯೇ ಹಿರಿಯ ಸದಸ್ಯರೊಬ್ಬರು ಕುರ್ಚಿಗೆ ಒರಗಿ ಕೇಳಿದರು, “ಗಂಡ ಮಾಡಿದ ಕೆಲಸಕ್ಕೆ ಹೆಂಡತಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಇದಕ್ಕೆ ತಪಾಸಣೆ ಅಂತಾರಾ, ಸಂಸಾರ ಅಂತಾರಾ?” ಸಭೆಯಲ್ಲಿ ನಗು ಎದ್ದಿತು.

ನಗು ನಿಂತ ಮೇಲೆ ಆಕೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹೇಳಿದರು: “ಆ ಓಣಿಯಲ್ಲಿ ನಾನು ಬರೆದದ್ದು ತಪ್ಪು. ಫೋನು ಹೇಳಿದ್ದು ಸರಿ. ನಿನ್ನೆ ಆ ದೂರನ್ನ ಮತ್ತೆ ತೆರೆದಿದ್ದೀನಿ.” ತಿಳಿನೀರಿನ ಕಥೆಯನ್ನು ಬಿಡದೆ ಹೇಳಿದರು. ಓಣಿಯವರನ್ನು ಯಾರೂ ಬೈಯಬಾರದು ಎಂದೂ ಸೇರಿಸಿದರು. ಗಂಡ ಹೇಳಿಕಳಿಸಿದ ಅರ್ಧ ಕೆಲಸದ ಮಾತನ್ನೂ ಹೇಳಿದರು. ಕೊನೆಗೆ ಒಂದು ಬೇಡಿಕೆ ಇಟ್ಟರು. ಅದು ತಮ್ಮ ಹುದ್ದೆ ಉಳಿಸಿ ಎಂದಲ್ಲ. “ನಮ್ಮ ಮನೆಯವರು ಮಾಡಿದ ಕೆಲಸಕ್ಕೆ ನನ್ನನ್ನ ಕಳಿಸಬೇಡಿ. ಇನ್ನೊಬ್ಬರನ್ನ ಕಳಿಸಿ. ನಾನು ನೋಡಿ ಬಂದ ಮನೆಗಳಿಗೂ ಆಗಾಗ ಬೇರೆಯವರು ಹೋಗಿ ನೋಡ್ಲಿ. ನನ್ನ ಕೆಲಸಾನ ಇಷ್ಟು ವರ್ಷ ಯಾರೂ ನೋಡಿಲ್ಲ.”

ಪ್ರಶ್ನೆ ಕೇಳಿದ ಸದಸ್ಯರು ಕುರ್ಚಿಯಿಂದ ಮುಂದಕ್ಕೆ ಬಾಗಿ, ನೀರಿನ ಪೈಪಿನ ಬಗ್ಗೆ ಒಂದೆರಡು ನಿಜವಾದ ಪ್ರಶ್ನೆಗಳನ್ನು ಕೇಳಿದರಂತೆ. ನಗು ಮತ್ತೆ ಏಳಲಿಲ್ಲ.

ತೀರ್ಮಾನಕ್ಕೆ ಇನ್ನೂ ಒಂದು ಸಭೆ ಹಿಡಿಯಿತು. ಫೋನೂ ಉಳಿಯಿತು, ಬಾಗಿಲು ತಟ್ಟುವುದೂ ಉಳಿಯಿತು, ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ. ಎಲ್ಲ ಮನೆಗೂ ಕರೆ ಹೋಗುತ್ತದೆ. ಉತ್ತರ ಅನುಮಾನ ಹುಟ್ಟಿಸುವ ಕಡೆ ಮನುಷ್ಯರು ಹೋಗುತ್ತಾರೆ, ಬೇರೆ ಬೇರೆ ಹೊತ್ತಿನಲ್ಲಿ, ಹೇಳದೆ. ‘ಅರ್ಧ ಆಗಿದೆ’ ಎಂದು ಗುರುತು ಹಾಕಲು ಕೆಲಸಗಾರರಿಗೆ ಜಾಗ ಸಿಕ್ಕಿತು. ಹಾಗೆ ಗುರುತಾದದ್ದು ನೇರವಾಗಿ ಮುಂದಿನ ಯೋಜನೆಯ ಪಟ್ಟಿಗೆ ಹೋಗುತ್ತದೆ, ಕೆಂಪು ಗುರುತು ಬೀಳುವುದಿಲ್ಲ. ಮೊದಲ ತಿಂಗಳಲ್ಲೇ ಅಂಥ ಗುರುತುಗಳು ರಾಶಿ ಬಿದ್ದವು. “ನೋಡಿ ಗಾಬರಿಯಾಯ್ತು. ಆಮೇಲೆ ಸಮಾಧಾನವಾಯ್ತು. ಇವೆಲ್ಲ ಮುಂಚೆಯೂ ಇದ್ವು, ನಮಗೆ ಕಾಣಿಸ್ತಿರಲಿಲ್ಲ ಅಷ್ಟೇ,” ಎನ್ನುತ್ತಾರೆ ಯೋಜನಾ ಅಧಿಕಾರಿ. ಡಿಪೋದ ಅಂಗಳದಲ್ಲಿ ಈಗ ಆಕೆ ಬಂದರೆ ಯಾರಾದರೊಬ್ಬರು ಚಹಾದ ಲೋಟ ಮುಂದೆ ಮಾಡುತ್ತಾರೆ. ಟೀಕೆ ಪೂರ್ತಿ ನಿಂತಿಲ್ಲ. ನಿಲ್ಲಬಾರದು ಕೂಡ ಎಂದು ಆಕೆಯ ಅಭಿಪ್ರಾಯ. ಬೈಸಿಕೊಳ್ಳದ ತಪಾಸಣೆ ಎಲ್ಲೋ ಮಲಗಿದೆ ಎಂದೇ ಅರ್ಥವಂತೆ.

ಎರಡನೆಯ ತಪಾಸಕರಾಗಿ ಬಂದವರು ಬೀದಿದೀಪ ವಿಭಾಗದಲ್ಲಿ ಕಂಬ ಹತ್ತುತ್ತಿದ್ದವರು. ಎಲ್ಲರೂ ‘ಕಂಬದಣ್ಣ’ ಎನ್ನುತ್ತಾರೆ, ಎತ್ತರವೂ ಹೆಸರಿಗೆ ತಕ್ಕಂತಿದೆ. ಅವರಿಗೆ ಕೆಲಸ ಕಲಿಸಿದವರು ‘ಮತ್ತೆ ಅಕ್ಕ’ನೇ. ಮೊದಲ ವಾರ ಕಂಬದಣ್ಣ ಕೊಟ್ಟ ನೀರನ್ನೆಲ್ಲ ಕುಡಿದು, ಮಧ್ಯಾಹ್ನದ ಹೊತ್ತಿಗೆ ನಡೆಯಲಾಗದೆ ಕೂತುಬಿಟ್ಟಿದ್ದರಂತೆ. “ಅರ್ಧ ಲೋಟ ಕೇಳ್ಬೇಕು ಅಂತ ಹೇಳೋದು ಮರೆತಿದ್ದೆ,” ಎಂದು ಆಕೆ ಗಂಭೀರವಾಗಿ ಹೇಳುತ್ತಾರೆ.

ಹೊಲಿಗೆಯವರ ಓಣಿಯ ರಸ್ತೆ ಕಳೆದ ತಿಂಗಳು ಅಗೆದರು. ಹಳೆಯ ಪೈಪು ತುಂಡು ತುಂಡಾಗಿ ಮೇಲೆ ಬಂತು, ಒಳಗೆ ಎರಡು ಬೆರಳು ಹೋಗುವಷ್ಟೂ ದಾರಿ ಉಳಿದಿರಲಿಲ್ಲ. ಹೊಸ ಪೈಪು ಹಾಕಿದ್ದು ಫಿಟ್ಟರ್ ಮತ್ತು ಅವರ ತಂಡ. ಮುಚ್ಚುವ ಮುಂಚೆ ಅವರು ಮೂರು ಬೆಳಗ್ಗೆ ತಾವೇ ಬಂದು ಮೊದಲ ನೀರು ಹಿಡಿದು ನೋಡಿದರು ಎಂದು ಟೈಲರ್ ಹೇಳುತ್ತಾರೆ. ಆಮೇಲೆ ‘ಮುಗಿದಿದೆ’ ಎಂದು ಒತ್ತಿದರು.

ಅದನ್ನು ನೋಡಲು ಕಂಬದಣ್ಣ ಹೋಗುವ ದಿನ ನಾನೂ ಆಕೆಯ ಜೊತೆ ಇದ್ದೇನೆ. ಆಕೆ ಓಣಿಯೊಳಗೆ ಬರುವಂತಿಲ್ಲ. ಎರಡು ಬೀದಿ ಆಚೆ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೇವೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದರ ಹಿಡಿಕೆಯನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಾರೆ. ಬೇರೆಯವರ ಮನೆ ಬಾಗಿಲಲ್ಲಿ ಇಷ್ಟು ಧೈರ್ಯವಾಗಿ ನಿಲ್ಲುವವರು ಇಲ್ಲಿ ಚಡಪಡಿಸುವುದನ್ನು ನೋಡಿ ನಾನೂ ತಿರುವಿನ ಕಡೆಗೇ ಕಣ್ಣಿಡುತ್ತೇನೆ.

ಕೊನೆಗೆ ಕಂಬದಣ್ಣ ತಿರುವಿನಲ್ಲಿ ಕಾಣಿಸುತ್ತಾರೆ. ಬೆಂಚಿನ ಹತ್ತಿರ ಬಂದು ನಿಲ್ಲುತ್ತಾರೆ.

“ಎಲ್ಲಾ ಚೆನ್ನಾಗಿದೆ ಅಕ್ಕ. ಚರಂಡಿನೂ ನೋಡಿದೆ, ಒಣಗಿತ್ತು. ನಲ್ಲಿ ಬಿಟ್ಟ ಕೂಡ್ಲೇ ತಿಳಿನೀರು.” ಸ್ವಲ್ಪ ತಡೆದು ಹೇಳುತ್ತಾರೆ, “ಕೊನೇ ಮನೆ ಒಂದು ಬಿಟ್ಟು. ಅಲ್ಲಿ ಇನ್ನೂ ಸ್ವಲ್ಪ ಮಬ್ಬು. ಮತ್ತೆ ತೆರೆದೆ. ಬೇಜಾರು ಮಾಡ್ಕೋಬೇಡಿ.”

ಆಕೆ ಫೋನ್ ತೆಗೆದು ಗಂಡನಿಗೆ ಕರೆ ಮಾಡುತ್ತಾರೆ. “ಕೊನೇ ಮನೆ,” ಎನ್ನುತ್ತಾರೆ ಅಷ್ಟೇ. ಆ ಕಡೆಯ ಮಾತು ನನಗೂ ಕೇಳಿಸುತ್ತದೆ: “ಮನೆಯೊಳಗಿನ ಹಳೇ ಪೈಪಿನ ಜೋಡಣೆ ಇರಬೇಕು. ಹೊರಟೆ.”

ಕಂಬದಣ್ಣ ಇನ್ನೂ ಅಪರಾಧಿಯಂತೆ ನಿಂತೇ ಇದ್ದಾರೆ. ಆಕೆ ಬೆಂಚಿನ ಮೇಲೆ ಜಾಗ ಮಾಡಿ ಅವರನ್ನು ಕೂರಿಸುತ್ತಾರೆ. ಬೇಸರವಾಯಿತೇ ಎಂದು ಕೇಳುತ್ತೇನೆ. ಆಕೆ ಓಣಿಯ ಕಡೆಗೊಮ್ಮೆ, ಪಕ್ಕದಲ್ಲಿ ಕೂತ ಎತ್ತರದ ಮನುಷ್ಯನ ಕಡೆಗೊಮ್ಮೆ ನೋಡುತ್ತಾರೆ. ಮುಖದಲ್ಲಿ ನಗು ನಿಧಾನವಾಗಿ ಹರಡುತ್ತದೆ.

“ಎಂಥ ಬೇಜಾರು? ನಮ್ಮ ಮನೆಯವರ ಕೆಲಸ ಅಂತ ಗೊತ್ತಿದ್ದೂ, ನಾನು ಇಲ್ಲೇ ಕೂತಿದ್ದೀನಿ ಅಂತ ಗೊತ್ತಿದ್ದೂ, ಇವರು ತೆರೆದ್ರಲ್ಲ. ಇವರಿಗೆ ಕೆಲಸ ಕಲಿಸಿದೋಳು ನಾನು.”